ಎಚ್ಚರವು ಮನೆಗೆ ಬಂದ ಬಗೆ



ಮಠಕ್ಕೆ ಬರುವ ಭಕ್ತರು ನಮ್ಮ ಮುಂದೆ ಹೇಳಿಕೊಳ್ಳುವ ಮಾತುಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. "ಬುದ್ಧೀ, ಮನಸ್ಸು ನಿಲ್ಲುವುದಿಲ್ಲ, ನಿಲ್ಲಿಸೋಣವೆಂದರೆ ಬಿಡುವಿಲ್ಲ." ಒಕ್ಕಲು ಮಾಡುವವರು ಇದನ್ನೇ ಹೇಳುತ್ತಾರೆ, ಅಂಗಡಿ ಇಟ್ಟವರು ಇದನ್ನೇ ಹೇಳುತ್ತಾರೆ, ಕಚೇರಿಗೆ ಹೋಗುವವರೂ ಇದನ್ನೇ ಹೇಳುತ್ತಾರೆ. ಬೆಳಗಾಗೆದ್ದು ಮಕ್ಕಳನ್ನು ಶಾಲೆಗೆ ಕಳಿಸಿ, ರೊಟ್ಟಿ ಬಡಿದು, ಮನೆಮಂದಿಗೆಲ್ಲ ಉಣಬಡಿಸುವ ತಾಯಂದಿರಂತೂ ಹೇಳುವುದಕ್ಕೂ ಬಿಡುವಿಲ್ಲದೆ ಸುಮ್ಮನಿರುತ್ತಾರೆ. ಈ ಮಾತಿನಲ್ಲಿ ಎರಡು ಭಾಗಗಳುಂಟು. ಮನಸ್ಸು ನಿಲ್ಲುವುದಿಲ್ಲವೆಂಬುದು ನಿಜ. ಅದು ಮನಸ್ಸಿನ ಸ್ವಭಾವ. ಆದರೆ ಮನಸ್ಸಿನ ಎಚ್ಚರಕ್ಕೆ ಬಿಡುವು ಬೇಕೆಂಬುದು ನಿಜವೇ? ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಹೇಳುವುದಕ್ಕಿಂತ ಇತಿಹಾಸದಿಂದ ಉತ್ತರ ಹೇಳುವುದು ಲೇಸೆಂದು ನಮಗೆ ತೋರುತ್ತದೆ. ಏಕೆಂದರೆ ಈ ಎಚ್ಚರವೆಂಬ ವಿದ್ಯೆಯನ್ನು ಲೋಕದಲ್ಲಿ ಉಳಿಸಿಕೊಂಡು ಬಂದವರು ಯಾರು ಎಂದು ವಿಚಾರಿಸಿದರೆ, ಅವರಲ್ಲಿ ಹಲವರು ಬಿಡುವಿಲ್ಲದ ಜನರೇ ಆಗಿದ್ದಾರೆ.

ಮೊದಲು ಶಬ್ದವನ್ನು ನೋಡೋಣ. ಸಂಸ್ಕೃತದಲ್ಲಿ 'ಸ್ಮೃತಿ' ಎಂಬ ಮಾತಿದೆ. ಸ್ಮೃ ಎಂಬ ಧಾತುವಿನಿಂದ ಬಂದುದು, ನೆನೆಯುವುದು ಎಂದರ್ಥ. ಪಾಲಿ ಭಾಷೆಯಲ್ಲಿ ಇದೇ 'ಸತಿ' ಆಯಿತು. ಆದರೆ ಬುದ್ಧನ ಉಪದೇಶದಲ್ಲಿ ಈ ಮಾತಿಗೆ ಕಳೆದುಹೋದುದನ್ನು ನೆನೆಯುವುದೆಂಬಷ್ಟೇ ಅರ್ಥವಲ್ಲ. ಈಗ ಕೈಯಲ್ಲಿರುವುದನ್ನು ಮರೆಯದಿರುವುದು ಎಂಬ ಅರ್ಥ ಮುಖ್ಯವಾಗಿದೆ. ಟಿ. ಡಬ್ಲ್ಯೂ. ರೈಸ್ ಡೇವಿಡ್ಸ್ ಎಂಬ ಆಂಗ್ಲ ವಿದ್ವಾಂಸರು ಸಿಂಹಳದಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದಾಗ ಪಾಲಿಯನ್ನು ಕಲಿತರು. 1881ರಲ್ಲಿ ಪ್ರಕಟವಾದ ತಮ್ಮ ಅನುವಾದದಲ್ಲಿ ಅವರು 'ಸತಿ'ಗೆ 'ಮೈಂಡ್‌ಫುಲ್‌ನೆಸ್' ಎಂಬ ಮಾತನ್ನು ಇಟ್ಟರು. ಇಂದು ನಿಮ್ಮ ಮಕ್ಕಳು ಕಚೇರಿಯಲ್ಲಿಯೂ ಮೊಬೈಲಿನಲ್ಲಿಯೂ ಕೇಳುವ ಮಾತು ಇದೇ. ನಮ್ಮ ಕನ್ನಡದಲ್ಲಿ 'ಎಚ್ಚರ' ಎಂದರೆ ಸಾಕು. ಇದಕ್ಕೆ ವಿರುದ್ಧವಾದ ನಮ್ಮ ಮಾತಂತೂ ಇನ್ನೂ ಸೊಗಸಾದುದು: ಮೈಮರೆವು. ಮರೆಯುವವನು ಮೊದಲು ಮೈಯನ್ನೇ ಮರೆಯುತ್ತಾನೆ. ಆದಕಾರಣ ನೆನೆಯುವವನೂ ಮೈಯಿಂದಲೇ ಆರಂಭಿಸಬೇಕಾಗುತ್ತದೆ.

ಇನ್ನೊಂದು ಶಬ್ದ 'ಪ್ರಮಾದ'. ಇಂದು ನಾವು ತಪ್ಪಿಗೆ, ಅನಾಹುತಕ್ಕೆ ಈ ಮಾತನ್ನು ಬಳಸುತ್ತೇವೆ. ಮೂಲದಲ್ಲಿ ಇದು 'ಮದ'ದಿಂದ ಬಂದುದು. ಅಮಲೇರಿದವನಂತೆ ಗಮನ ತಪ್ಪುವುದು. ಅನಾಹುತವು ಹೊರಗೆ ಆಗುವ ಮೊದಲು ಒಳಗೆ ಆಗಿರುತ್ತದೆ ಎಂಬುದನ್ನು ಈ ಒಂದು ಮಾತು ತೋರಿಸುತ್ತದೆ. ಬೌದ್ಧರ ಧಮ್ಮಪದದಲ್ಲಿ ಎರಡನೆಯ ವರ್ಗವೇ ಅಪ್ರಮಾದದ ಮೇಲಿದೆ.

ಇನ್ನು ಇತಿಹಾಸಕ್ಕೆ ಬರೋಣ. ಬುದ್ಧನು ಸತಿಯನ್ನು ಕುರಿತು ಹೇಳಿದ ಮುಖ್ಯ ಉಪದೇಶಕ್ಕೆ ಸತಿಪಟ್ಠಾನ ಸುತ್ತವೆಂದು ಹೆಸರು. ಅದನ್ನು ಹೇಳಿದ್ದು ಕುರುದೇಶದ ಕಮ್ಮಾಸಧಮ್ಮವೆಂಬ ಊರಿನಲ್ಲಿ ಎಂದು ಅಲ್ಲಿಯೇ ಉಕ್ತವಾಗಿದೆ. ಮಹಾಭಾರತದ ಕುರುದೇಶವೇ ಅದು. ಇಂದಿನ ದಿಲ್ಲಿ, ಹರಿಯಾಣದ ಸೀಮೆ. ಆ ಸುತ್ತದಲ್ಲಿ ಎಚ್ಚರವನ್ನು ನಾಲ್ಕು ನೆಲೆಗಳಲ್ಲಿ ನಿಲ್ಲಿಸಿದ್ದಾರೆ: ಕಾಯ, ವೇದನೆ, ಚಿತ್ತ, ಧರ್ಮ. ಮೊದಲನೆಯದು ಕಾಯ. ಉಸಿರು ಒಳಗೆ ಬಂದುದನ್ನೂ ಹೊರಗೆ ಹೋದುದನ್ನೂ ತಿಳಿಯುವುದು ಮೊದಲ ಪಾಠ. ನಡೆಯುವಾಗ, ನಿಲ್ಲುವಾಗ, ಕೂಡುವಾಗ, ಮಲಗುವಾಗ ಅದನ್ನು ತಿಳಿದಿರುವುದು ಎರಡನೆಯದು. ಆಮೇಲೆ ಕೈ ಮಡಿಚುವುದು, ಚಾಚುವುದು, ಬಟ್ಟೆ ತೊಡುವುದು, ಉಣ್ಣುವುದು, ಕುಡಿಯುವುದು, ಮಾತಾಡುವುದು, ಮೌನವಾಗಿರುವುದು, ಕೊನೆಗೆ ಮಲಮೂತ್ರ ವಿಸರ್ಜನೆಯೂ ಬಿಡದಂತೆ ಎಲ್ಲವನ್ನೂ ಎಣಿಸಿದ್ದಾರೆ. ದಿನಚರಿಯಲ್ಲಿ ಎಚ್ಚರಕ್ಕೆ ಹೊರಗಾದುದು ಒಂದಾದರೂ ಉಳಿಯಲಿಲ್ಲ. ಇದನ್ನು ಲಕ್ಷ್ಯದಲ್ಲಿಡಿ. ಕಣ್ಣು ಮುಚ್ಚಿ ಕೂಡುವ ಅರ್ಧ ಗಂಟೆಗೆ ಮಾತ್ರ ಹೇಳಿದ ವಿದ್ಯೆ ಇದಲ್ಲ.

ಈ ಸುತ್ತಕ್ಕೆ ಕ್ರಿಸ್ತಶಕ 5ನೆಯ ಶತಮಾನದಲ್ಲಿ ಸಿಂಹಳದಲ್ಲಿದ್ದು ವ್ಯಾಖ್ಯಾನವನ್ನು ರಚಿಸಿದವರು ಬುದ್ಧಘೋಷರು. ಈ ಉಪದೇಶವನ್ನು ಕುರುದೇಶದಲ್ಲಿಯೇ ಏಕೆ ಹೇಳಿದರೆಂಬ ಪ್ರಶ್ನೆಯನ್ನೆತ್ತಿ ಅವರು ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳುತ್ತಾರೆ. ಆ ದೇಶದಲ್ಲಿ ಆಳುಕಾಳುಗಳು ಕೂಡ ಈ ಸಾಧನೆಯ ಮಾತನ್ನೇ ಆಡುತ್ತಿದ್ದರಂತೆ. ನೀರು ತರುವ ಘಟ್ಟದಲ್ಲಿ, ನೂಲು ತೆಗೆಯುವ ಜಾಗದಲ್ಲಿ ಹೆಂಗಸರು ಸೇರಿದಾಗ ಹಾಳು ಹರಟೆ ಇರುತ್ತಿರಲಿಲ್ಲ. ಯಾವ ನೆಲೆಯ ಎಚ್ಚರವನ್ನು ಸಾಧಿಸುತ್ತಿದ್ದೀಯೆಂದು ಒಬ್ಬರನ್ನೊಬ್ಬರು ಕೇಳುವರು. ಯಾವುದೂ ಇಲ್ಲವೆಂದರೆ, ಬದುಕಿದ್ದೂ ಸತ್ತಂತಾಯಿತಲ್ಲ ಎಂದು ಗದರಿ ತಾವೇ ಕಲಿಸುವರು. ಇಂಥದನ್ನು ಮಾಡುತ್ತಿದ್ದೇನೆಂದರೆ ಕೊಂಡಾಡುವರು.

ಅಲ್ಲಿಯೇ ಒಂದು ಗಿಣಿಯ ಕಥೆಯೂ ಇದೆ. ಭಿಕ್ಷುಣಿಯರು ಸಾಕಿದ ಗಿಣಿ ಅದು. ಈ ಶರೀರವು ಎಲುಬಿನ ಗೂಡೆಂದು ನೆನೆಯುವ ಪಾಠವನ್ನು ಅದಕ್ಕೂ ಕಲಿಸಿದ್ದರು. ಒಂದು ದಿನ ಹದ್ದು ಅದನ್ನು ಎತ್ತಿಕೊಂಡು ಹೋಯಿತು. ಗದ್ದಲ ಮಾಡಿ ಬಿಡಿಸಿ ತಂದ ಮೇಲೆ, ಹದ್ದಿನ ಉಗುರಿನಲ್ಲಿದ್ದಾಗ ಏನೆಂದುಕೊಂಡೆ ಎಂದು ಕೇಳಿದರೆ, ಒಂದು ಎಲುಬಿನ ಗೂಡು ಇನ್ನೊಂದು ಎಲುಬಿನ ಗೂಡನ್ನು ಒಯ್ಯುತ್ತಿದೆಯೆಂದುಕೊಂಡೆನೆಂದು ಗಿಣಿ ಹೇಳಿತಂತೆ. ಇದು ಕಥೆ. ಗಿಣಿ ಹೀಗೆ ನುಡಿಯಿತೇ ಎಂಬ ವಾದ ನಮಗೆ ಬೇಡ. ಹದಿನೈದು ನೂರು ವರ್ಷಗಳ ಹಿಂದೆ ಒಬ್ಬ ಮಹಾವಿದ್ವಾಂಸನು ಎಚ್ಚರದ ಆದರ್ಶವನ್ನು ತೋರಿಸುವುದಕ್ಕೆ ಗುಹೆಯಲ್ಲಿದ್ದ ತಪಸ್ವಿಯನ್ನು ಆರಿಸಲಿಲ್ಲ. ನೀರು ಹೊರುವವಳನ್ನೂ ನೂಲುವವಳನ್ನೂ ಆರಿಸಿದನು. ನಮಗೆ ಬೇಕಾದುದು ಇಷ್ಟೇ.

ಆದರೆ ಮುಂದೆ ಏನಾಯಿತು? ಕಾಲ ಕಳೆದಂತೆ ಈ ವಿದ್ಯೆಯು ಜನಸಾಮಾನ್ಯರ ಕೈಯಿಂದ ಸರಿಯಿತು. ದಾನ ಕೊಡುವುದು, ಪೂಜೆ ಮಾಡುವುದು, ಪಾಠ ಕೇಳುವುದು ಗೃಹಸ್ಥರ ಪಾಲಿಗೆ; ಧ್ಯಾನವು ಸನ್ಯಾಸಿಗಳ ಪಾಲಿಗೆ ಎಂದಾಯಿತು. ಸನ್ಯಾಸಿಗಳಲ್ಲಿಯೂ ಹಲವರು ಗ್ರಂಥವನ್ನು ಓದಿದರೇ ಹೊರತು ಸಾಧನೆಗೆ ಕೂಡಲಿಲ್ಲ. ಬೌದ್ಧಧರ್ಮವು ಬೇರೂರಿದ್ದ ಬರ್ಮಾದೇಶದಲ್ಲಿಯೇ 19ನೆಯ ಶತಮಾನದ ನಡುವಿಗೆ ಗೃಹಸ್ಥರು ಧ್ಯಾನಕ್ಕೆ ಕೂಡುವುದು ತೀರ ಅಪರೂಪವಾಗಿತ್ತು. ಧರ್ಮವನ್ನು ಕಾಯುವವನು ಅರಸನಿದ್ದಾನೆ, ಭಿಕ್ಷುಗಳಿದ್ದಾರೆ, ನಮಗೇನು ಎಂದು ಜನ ನಿಶ್ಚಿಂತರಾಗಿದ್ದರು.

ಆ ನಿಶ್ಚಿಂತೆಗೆ 1885ರಲ್ಲಿ ಪೆಟ್ಟು ಬಿತ್ತು. ಆ ವರ್ಷದ ನವೆಂಬರಿನಲ್ಲಿ ಇಂಗ್ಲಿಷರ ಸೇನೆ ಮಾಂಡಲೆಯನ್ನು ಹಿಡಿಯಿತು. ಅರಸನಾದ ಥೀಬಾ ಸೆರೆಯಾದನು. ಅವನನ್ನು ಮದರಾಸಿಗೆ ತಂದು, ಅಲ್ಲಿಂದ ನಮ್ಮ ನೆರೆಯ ಕೊಂಕಣದ ರತ್ನಾಗಿರಿಗೆ ಒಯ್ದು ಇರಿಸಿದರು. ಅವನು ಮರಳಿ ತನ್ನ ದೇಶವನ್ನು ಕಾಣಲಿಲ್ಲ. 1916ರಲ್ಲಿ ರತ್ನಾಗಿರಿಯಲ್ಲಿಯೇ ತೀರಿಕೊಂಡನು. ಬರ್ಮಾದ ಭಿಕ್ಷುಸಂಘಕ್ಕೆ ಅರಸನೇ ಆಶ್ರಯ. ಆ ಆಶ್ರಯವು ತಪ್ಪಿದ ಮೇಲೆ ಧರ್ಮವು ಉಳಿಯುವುದೆಂತು ಎಂಬ ಭಯವು ದೇಶವನ್ನೆಲ್ಲ ಹಿಡಿಯಿತು.

ಆಗ ಎದ್ದು ನಿಂತವರು ಲೇಡಿ ಸಯಾಡೋ ಎಂಬ ಭಿಕ್ಷು. 1846ರಲ್ಲಿ ಹುಟ್ಟಿ, ಮಾಂಡಲೆಯಲ್ಲಿ ಶಾಸ್ತ್ರಾಭ್ಯಾಸ ಮಾಡಿದ ದೊಡ್ಡ ವಿದ್ವಾಂಸರು. ದೇಶವು ಪರರ ವಶವಾದ ಹೊತ್ತಿನಲ್ಲಿ ಅವರು ಮೊನ್ಯುವಾ ಎಂಬ ಊರಿನ ಹತ್ತಿರದ ಕಾಡಿನಲ್ಲಿ ಮಠವನ್ನು ಮಾಡಿಕೊಂಡರು. ಅವರ ವಿಚಾರವು ಸರಳವಾಗಿತ್ತು. ಅರಸನೊಬ್ಬನು ಕಾಯುತ್ತಿದ್ದ ಧರ್ಮವು ಅರಸನೊಂದಿಗೆ ಹೋಗಬಹುದು. ಮನೆಮನೆಯಲ್ಲಿ ಒಬ್ಬೊಬ್ಬರು ಕಾಯುವ ಧರ್ಮವನ್ನು ಯಾರು ಸೆರೆಹಿಡಿದಾರು? ಹೀಗೆಂದು ಬಗೆದು ಅವರು ಪಾಲಿಯ ಕಠಿಣ ವಿಷಯಗಳನ್ನು ಜನರಿಗೆ ತಿಳಿಯುವ ಬರ್ಮೀ ಭಾಷೆಯಲ್ಲಿ ಬರೆದರು, ಊರೂರು ತಿರುಗಿದರು, ಗೃಹಸ್ಥರು ಗುಂಪುಗೂಡಿ ಓದುವಂತೆ ಮಾಡಿದರು. ಧ್ಯಾನಕ್ಕೆ ಸಂಸಾರವನ್ನು ಬಿಡಬೇಕಾಗಿಲ್ಲ, ಹೊಲಮನೆ ಮಾಡುವವನೂ ಸಾಧಿಸಬಹುದೆಂದು ಬೋಧಿಸಿದರು. 1923ರಲ್ಲಿ ಅವರು ದೇಹವನ್ನು ಬಿಡುವ ಹೊತ್ತಿಗೆ ಕಾಡಿನ ವಿದ್ಯೆಯು ಊರಿಗೆ ಬಂದು ಸೇರಿತ್ತು.

ಅವರ ಶಿಷ್ಯರಲ್ಲಿ ಒಬ್ಬರು ಸಯಾ ಥೆಟ್‌ಜೀ. ಇವರು ಭಿಕ್ಷುವಲ್ಲ, ಒಕ್ಕಲಿಗರು. ರಂಗೂನಿನ ಹತ್ತಿರ ಒಂದು ಹಳ್ಳಿಯಲ್ಲಿ ಗದ್ದೆ ಮಾಡಿಕೊಂಡಿದ್ದವರು. ಕಾಲರಾ ಬೇನೆಯಲ್ಲಿ ಮಕ್ಕಳನ್ನು ಕಳೆದುಕೊಂಡು, ಆ ದುಃಖದಲ್ಲಿ ಶಾಂತಿಯನ್ನು ಹುಡುಕಿ ಹೊರಟು, ಕೊನೆಗೆ ತಮ್ಮ ಊರಿಗೇ ಮರಳಿ ಬಂದು ಕಲಿಸತೊಡಗಿದರು. ಅವರ ಬಳಿಗೆ 1937ರಲ್ಲಿ ಬಂದವರು ಊ ಬ ಖಿನ್ ಎಂಬ ಸರ್ಕಾರಿ ನೌಕರರು. ಅಕೌಂಟೆಂಟ್ ಜನರಲ್ ಅವರ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಮೇಲೆ ಬಂದವರು. 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾದಾಗ ಆ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದವರು ಇವರೇ. ಒಂದು ದೇಶದ ಲೆಕ್ಕವೆಲ್ಲ ಇವರ ಮೇಜಿನ ಮೇಲೆ! ಇವರಿಗಿಂತ ಬಿಡುವಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಆದರೂ ಅವರು ತಮ್ಮ ಕಚೇರಿಯ ನೌಕರರಿಗೆ ಧ್ಯಾನವನ್ನು ಕಲಿಸಿದರು. 1952ರಲ್ಲಿ ರಂಗೂನಿನಲ್ಲಿ ಒಂದು ಧ್ಯಾನಕೇಂದ್ರವನ್ನು ಕಟ್ಟಿದರು. ಕಲಿಯಲು ಬಂದವರು ಮೊದಲು ಪಂಚಶೀಲವನ್ನು ಸ್ವೀಕರಿಸಬೇಕು. ಆಮೇಲೆ ಉಸಿರಿನ ಪಾಠ. 1971ರಲ್ಲಿ ಅವರು ತೀರಿಕೊಂಡರು. ಅವರ ಶಿಷ್ಯರಾದ ಸತ್ಯನಾರಾಯಣ ಗೋಯೆಂಕಾ ಎಂಬ ಮಾರವಾಡಿ ವ್ಯಾಪಾರಿಗಳು ಮಾಂಡಲೆಯಲ್ಲಿ ಹುಟ್ಟಿದವರು. ತಲೆಶೂಲೆಗೆ ಪರಿಹಾರವನ್ನು ಹುಡುಕುತ್ತ 1955ರಲ್ಲಿ ಗುರುವಿನ ಬಳಿಗೆ ಹೋದವರು, 1969ರಲ್ಲಿ ಈ ವಿದ್ಯೆಯನ್ನು ಹೊತ್ತು ಭಾರತಕ್ಕೆ ಬಂದರು. ನಾಸಿಕದ ಹತ್ತಿರದ ಇಗತ್‌ಪುರಿಯ ಕೇಂದ್ರವು 1976ರಲ್ಲಿ ಆರಂಭವಾಯಿತು. ಭಾರತದಲ್ಲಿ ಹುಟ್ಟಿದುದು ಒಬ್ಬ ಭಿಕ್ಷು, ಒಬ್ಬ ಒಕ್ಕಲಿಗ, ಒಬ್ಬ ನೌಕರ, ಒಬ್ಬ ವ್ಯಾಪಾರಿ, ಹೀಗೆ ನಾಲ್ಕು ಕೈಗಳನ್ನು ದಾಟಿ ತವರಿಗೆ ಮರಳಿತು. ನಾಲ್ವರಲ್ಲಿ ಮೂವರು ಸಂಸಾರಿಗಳು.

ಬರ್ಮಾದ ಕಥೆ ಹೀಗಾದರೆ ವಿಯೆಟ್ನಾಮಿನ ಕಥೆ ಇನ್ನೂ ಕಠಿಣವಾದುದು. ಅಲ್ಲಿ ಯುದ್ಧವು ನಡೆಯುತ್ತಿದ್ದ 1960ರ ದಶಕದಲ್ಲಿ ಥಿಚ್ ನಾತ್ ಹಾನ್ ಎಂಬ ಭಿಕ್ಷು ತರುಣರಿಗಾಗಿ ಒಂದು ಸಮಾಜಸೇವೆಯ ಶಾಲೆಯನ್ನು ಸ್ಥಾಪಿಸಿದರು. ಬಾಂಬು ಬಿದ್ದ ಹಳ್ಳಿಗಳನ್ನು ಮತ್ತೆ ಕಟ್ಟುವುದು, ಮಕ್ಕಳಿಗೆ ಪಾಠ ಹೇಳುವುದು, ಗಾಯಾಳುಗಳ ಆರೈಕೆ ಮಾಡುವುದು ಆ ತರುಣರ ಕೆಲಸ. ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸೇರದ ಅವರನ್ನು ಎರಡು ಕಡೆಯವರೂ ಸಂಶಯದಿಂದ ಕಂಡರು. ಕೆಲವರು ಕೊಲೆಯಾದರು. 1974ರಲ್ಲಿ ಗುರುಗಳು ಪರದೇಶದಲ್ಲಿದ್ದರು. ತಾಯ್ನಾಡಿಗೆ ಮರಳುವ ಅವಕಾಶವಿರಲಿಲ್ಲ. ಅಲ್ಲಿಂದಲೇ ಅವರು ಆ ಸೇವಕರಿಗಾಗಿ ಒಂದು ದೀರ್ಘವಾದ ಪತ್ರವನ್ನು ಬರೆದರು. ಅದೇ ಮುಂದಿನ ವರ್ಷ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಲೋಕಕ್ಕೆಲ್ಲ ಹರಡಿತು. ಇಂದು ಪಂಚತಾರಾ ಹೋಟೆಲುಗಳಲ್ಲಿ ಕುಳಿತು ಆ ಪುಸ್ತಕವನ್ನು ಓದುವವರಿದ್ದಾರೆ. ಅದು ಬರೆದದ್ದು ಸಾವಿನ ಬಾಯಲ್ಲಿ ನಿಂತು ದುಡಿಯುತ್ತಿದ್ದವರಿಗೆ ಎಂಬುದನ್ನು ನಾವು ಮರೆಯಬಾರದು. ಆ ಪತ್ರದಲ್ಲಿ ಏನಿದೆ? ಪಾತ್ರೆ ತೊಳೆಯುವಾಗ ಪಾತ್ರೆ ತೊಳೆಯುವುದರಲ್ಲಿಯೇ ಇರುವುದು, ಚಹ ಕುಡಿಯುವಾಗ ಚಹದಲ್ಲಿಯೇ ಇರುವುದು, ಮನಸ್ಸು ಚದುರಿದಾಗ ಉಸಿರನ್ನು ಹಿಡಿದು ಮರಳಿ ಬರುವುದು. ಇಂಥ ಸಣ್ಣ ಸಣ್ಣ ಮಾತುಗಳು. ಯುದ್ಧದ ನಡುವೆ ಇವೇ ಬೇಕೆಂದು ಅವರಿಗೆ ಕಂಡಿತು. ಕೋಪದಿಂದಲೂ ಹತಾಶೆಯಿಂದಲೂ ಮಾಡಿದ ಸೇವೆ ಬಹಳ ದಿನ ಬಾಳುವುದಿಲ್ಲ. ಅವರು 2018ರಲ್ಲಿ ತಮ್ಮ ದೇಶಕ್ಕೆ ಮರಳಿ, 2022ರಲ್ಲಿ ಹ್ಯೂ ನಗರದ ತಮ್ಮ ಮೂಲಮಠದಲ್ಲಿಯೇ ದೇಹವನ್ನು ಬಿಟ್ಟರು.

ಪಶ್ಚಿಮದಲ್ಲಿ ಈ ವಿದ್ಯೆಯು ಆಸ್ಪತ್ರೆಯನ್ನು ಹೊಕ್ಕದ್ದು 1979ರಲ್ಲಿ. ಅಮೇರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಎಂಬ ವಿಜ್ಞಾನಿಗಳು, ಔಷಧದಿಂದ ನೋವು ಪೂರ್ತಿ ಹೋಗದ ರೋಗಿಗಳಿಗಾಗಿ ಕೆಲವು ವಾರಗಳ ಅಭ್ಯಾಸವನ್ನು ಏರ್ಪಡಿಸಿದರು. ಅದರ ಮೊದಲ ಪಾಠಗಳಲ್ಲಿ ಒಂದು, ಒಣದ್ರಾಕ್ಷಿಯನ್ನು ತಿನ್ನುವುದು! ಒಂದೇ ಒಂದು ದ್ರಾಕ್ಷಿಯನ್ನು ಅಂಗೈಯಲ್ಲಿಟ್ಟು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿದು ನುಂಗುವುದು. ವಿಜಯಪುರ ಸೀಮೆಯ ನಮ್ಮ ಭಕ್ತರು ದ್ರಾಕ್ಷಿಯನ್ನು ಪೆಟ್ಟಿಗೆಗಟ್ಟಲೆ ಕಂಡವರು. ಒಂದು ದ್ರಾಕ್ಷಿಯನ್ನು ಪೂರ್ತಿಯಾಗಿ ತಿಂದವರು ಎಷ್ಟು ಜನ, ನೀವೇ ವಿಚಾರ ಮಾಡಿ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಂದು ದೊಡ್ಡ ಕಂಪನಿಗಳು ನೌಕರರಿಂದ ಹೆಚ್ಚು ದುಡಿಸಿಕೊಳ್ಳುವುದಕ್ಕೆ ಇದನ್ನು ಕಲಿಸುತ್ತವೆ. ಅಮೇರಿಕದಲ್ಲಿ ಸೈನಿಕರಿಗೂ ಕಲಿಸಿದ್ದಾರೆ. ಕಲಿಯಲಿ, ಬೇಡವೆನ್ನುವುದಿಲ್ಲ. ಆದರೆ ಕಳ್ಳನೂ ಕಳವಿನ ಹೊತ್ತಿಗೆ ಬಹಳ ಎಚ್ಚರವಾಗಿರುತ್ತಾನೆ. ಬೇಟೆಯ ಬೆಕ್ಕಿನಷ್ಟು ಏಕಾಗ್ರತೆ ಯಾವ ಯೋಗಿಗೂ ಇರಲಾರದು. ಶೀಲವಿಲ್ಲದ ಎಚ್ಚರವು ಹರಿತವಾದ ಕತ್ತಿ. ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಗುಣ. ಊ ಬ ಖಿನ್ ಅವರು ಮೊದಲು ಶೀಲ, ಆಮೇಲೆ ಉಸಿರು ಎಂದದ್ದು ಇದಕ್ಕಾಗಿಯೇ.

ಈ ಸೂಕ್ಷ್ಮವನ್ನು ತಿಳಿಯಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ. 12ನೆಯ ಶತಮಾನದ ಕಲ್ಯಾಣಕ್ಕೆ ಬಂದರೆ ಸಾಕು. ಶರಣರ ಮಾರ್ಗ ಬೇರೆ, ಬೌದ್ಧರ ಮಾರ್ಗ ಬೇರೆ. ಎರಡನ್ನೂ ಒಂದೇ ಎಂದು ಕಲಸಿಬಿಡುವುದು ನಮಗೆ ಸಮ್ಮತವಲ್ಲ. ಆದರೆ ಕೆಲಸವು ಎಚ್ಚರಕ್ಕೆ ಶತ್ರುವಲ್ಲ, ಅದೇ ಅದರ ಗದ್ದುಗೆ ಎಂಬ ನಿರ್ಣಯದಲ್ಲಿ ಶರಣರು ಯಾರಿಗೂ ಹಿಂದೆ ಬಿದ್ದವರಲ್ಲ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ಇವರು ಕಾಯಕವನ್ನು ಬಿಟ್ಟು ಅನುಭಾವಕ್ಕೆ ಕುಳಿತವರಲ್ಲ. ಆಯ್ದಕ್ಕಿ ಮಾರಯ್ಯನವರ ಸಂಗತಿ ನಿಮಗೆಲ್ಲ ಗೊತ್ತಿದೆ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂತು. ಅದನ್ನು ಕಂಡವರು ಮಾರಯ್ಯನವರಲ್ಲ, ಅವರ ಸತಿ ಲಕ್ಕಮ್ಮನವರು. ಇದು ನಮ್ಮ ಪಾಲಿನದಲ್ಲವೆಂದು ಹೇಳಿ ಗಂಡನನ್ನು ತಿರುಗಿ ಕಳಿಸಿದರು. ನೋಡಿ, ಅಕ್ಕಿಯ ತೂಕವು ಆ ತಾಯಿಯ ಕೈಗೆ ಗೊತ್ತಿತ್ತು. ಅಕ್ಕಿಯೊಂದಿಗೆ ಮನೆಯೊಳಕ್ಕೆ ಕಾಲಿಡುತ್ತಿದ್ದ ಆಸೆಯೂ ಅವರಿಗೆ ಹೊಸ್ತಿಲಲ್ಲಿಯೇ ಕಂಡಿತು. ಶೀಲದೊಂದಿಗೆ ಕೂಡಿದ ಎಚ್ಚರವೆಂದರೆ ಇದು. ಇದಕ್ಕೆ ಅವರು ಎಷ್ಟು ಗಂಟೆ ಬಿಡುವು ಮಾಡಿಕೊಂಡಿದ್ದರು?

ಕಲ್ಯಾಣವು ಒಡೆದ ಮೇಲೆ ಶರಣರು ಚದುರಿದರು. ಅರಮನೆಯ ಆಶ್ರಯವೂ ಇಲ್ಲವಾಯಿತು. ಆದರೂ ವಚನಗಳ ತಾಡೋಲೆಗಳು ಮಠಗಳಲ್ಲಿ ಉಳಿದಂತೆಯೇ ಭಕ್ತರ ಮನೆಗಳಲ್ಲಿಯೂ ಉಳಿದವು. ಫ. ಗು. ಹಳಕಟ್ಟಿಯವರು ಅವನ್ನು ಮನೆಮನೆ ತಿರುಗಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಬರ್ಮಾದಲ್ಲಿ ಲೇಡಿ ಸಯಾಡೋ ಅವರು ದೇಹವನ್ನು ಬಿಟ್ಟದ್ದೂ ಅದೇ ವರ್ಷ. ಒಂದು ಕಡೆ ಮನೆಗಳು ಕಾಯ್ದಿಟ್ಟದ್ದನ್ನು ಒಬ್ಬರು ಎತ್ತಿಕೊಟ್ಟರು. ಇನ್ನೊಂದು ಕಡೆ ಒಬ್ಬರು ಮನೆಗಳಿಗೆ ಒಪ್ಪಿಸಿ ಹೋದರು.

ಹಾಗಾದರೆ ನಾವು ಮಾಡತಕ್ಕದ್ದೇನು? ಹೆಚ್ಚೇನೂ ಇಲ್ಲ.

ಬೆಳಗ್ಗೆ ಕಣ್ಣು ತೆರೆದಾಗ ಕೈ ಮೊಬೈಲಿಗೆ ಹೋಗುವ ಮೊದಲು ಮೂರು ಉಸಿರನ್ನು ಪೂರ್ತಿ ತಿಳಿದು ಬಿಡಿ. ಇದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಇಷ್ಟಲಿಂಗವು ಅಂಗೈಯಲ್ಲಿರುವಾಗ ಕಣ್ಣು ಅಲ್ಲಿಯೇ ಇರಲಿ. ಮನಸ್ಸು ಸಂತೆಗೆ ಹೋದರೆ ಬೈಯಬೇಡಿ, ಕರೆದು ತನ್ನಿ. ನೂರು ಸಲ ಹೋದರೆ ನೂರು ಸಲ ಕರೆದು ತರುವುದೇ ಪೂಜೆ. ಉಣ್ಣುವಾಗ ಮೊದಲ ತುತ್ತನ್ನಾದರೂ ಮಾತಿಲ್ಲದೆ, ಟಿ.ವಿ. ಇಲ್ಲದೆ, ರುಚಿ ತಿಳಿದು ಉಣ್ಣಿ. ಒಕ್ಕಿದವರು, ಬೀಸಿದವರು, ಬೇಯಿಸಿದವರು ಆ ತುತ್ತಿನಲ್ಲಿದ್ದಾರೆ. ದಾಸೋಹದಲ್ಲಿ ತಟ್ಟೆಯಲ್ಲಿ ಒಂದಗುಳು ಬಿಡಬಾರದೆಂದು ಹಿರಿಯರು ಹೇಳುವುದು ಬರಿಯ ಮಿತವ್ಯಯಕ್ಕಲ್ಲ. ಕೊನೆಯ ಅಗುಳಿನವರೆಗೂ ಪ್ರಸಾದಬುದ್ಧಿ ಇರಲೆಂದು. ದಿನಕ್ಕೆ ಒಂದು ಕೆಲಸವನ್ನು ಆರಿಸಿಕೊಳ್ಳಿ. ರೊಟ್ಟಿ ಬಡಿಯುವುದಾಗಲಿ, ಪಾತ್ರೆ ತೊಳೆಯುವುದಾಗಲಿ, ಎತ್ತಿಗೆ ನೀರು ಕುಡಿಸುವುದಾಗಲಿ, ಲೆಕ್ಕದ ಪುಟ ಕೂಡಿಸುವುದಾಗಲಿ, ಅದೊಂದನ್ನು ಪೂರ್ತಿ ಅದರಲ್ಲಿದ್ದು ಮಾಡಿ. ಫೋನು ಬಾರಿಸಿದರೆ ಒಂದು ಉಸಿರು ತೆಗೆದುಕೊಂಡು ಎತ್ತಿ. ಬೈಕಿನ ಮೇಲಿದ್ದಾಗ ಎತ್ತಲೇ ಬೇಡಿ; ಪ್ರಮಾದವೆಂಬ ಮಾತಿನ ಎರಡು ಅರ್ಥಗಳು ರಸ್ತೆಯಲ್ಲಿ ಒಂದಾಗುವುದಕ್ಕೆ ಒಂದು ಕ್ಷಣ ಸಾಕು. ಸಿಟ್ಟು ಬಂದಾಗ, ಸಿಟ್ಟು ಬಂದಿದೆಯೆಂದು ಒಳಗೆ ಒಮ್ಮೆ ತಿಳಿದುಕೊಂಡು ಆಮೇಲೆ ಬಾಯಿ ತೆರೆಯಿರಿ. ರಾತ್ರಿ ಮಲಗುವಾಗ ಲಕ್ಕಮ್ಮನವರಂತೆ ತೂಗಿ ನೋಡಿ: ಇಂದು ಮನೆಗೆ ತಂದುದರಲ್ಲಿ ನಮ್ಮ ಪಾಲಿನದಲ್ಲದ್ದು ಏನಾದರೂ ಬಂದಿದೆಯೇ? ಬಂದಿದ್ದರೆ ನಾಳೆ ತಿರುಗಿ ಕೊಟ್ಟು ಬನ್ನಿ. ಇನ್ನು, ಮನಸ್ಸಿನ ಬೇನೆ ತೀವ್ರವಾಗಿದ್ದವರು ಇದೊಂದನ್ನೇ ನಂಬಿ ಕೂಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಕೊನೆಯದಾಗಿ ಒಂದು ಮಾತು. ಅರಸನಿದ್ದಾನೆ, ಭಿಕ್ಷುಗಳಿದ್ದಾರೆ ಎಂದು ಬರ್ಮಾದ ಜನ ನಿಶ್ಚಿಂತರಾಗಿದ್ದ ಹಾಗೆ, ಮಠವಿದೆ, ಸ್ವಾಮಿಗಳಿದ್ದಾರೆ, ಪೂಜೆ ಪ್ರಾರ್ಥನೆ ಅವರು ನೋಡಿಕೊಳ್ಳುತ್ತಾರೆಂದು ನೀವು ನಿಶ್ಚಿಂತರಾಗಬೇಡಿ. ಮಠವು ದೀಪವನ್ನು ಹಚ್ಚಿಕೊಡಬಹುದು. ಎಣ್ಣೆ ಮನೆಯದೇ ಆಗಬೇಕು. ನೀವು ನಮಗೆ ಕಾಣಿಕೆ ತರುತ್ತೀರಿ, ಹಣ್ಣು ತರುತ್ತೀರಿ. ಮುಂದಿನ ಸಲ ಬರುವಾಗ, ದಿನವೂ ಎಚ್ಚರದಿಂದ ಮಾಡಿದ ಒಂದು ಕೆಲಸದ ಸುದ್ದಿಯನ್ನು ತನ್ನಿ. ಕುರುದೇಶದ ನೀರಿನ ಘಟ್ಟದಲ್ಲಿ ಆ ತಾಯಂದಿರು ಕೇಳುತ್ತಿದ್ದಂತೆ ನಾವೂ ನಿಮ್ಮನ್ನು ಕೇಳುವವರಿದ್ದೇವೆ. ಉತ್ತರವನ್ನು ಸಿದ್ಧಮಾಡಿಕೊಂಡು ಬನ್ನಿ.